ಕೈ ಹೋದ ಲೆಕ್ಕ ಬೇರೆ, ಕೆಲಸ ಹೋದ ಲೆಕ್ಕ ಬೇರೆ

ಆಕ್ಸಿಡೆಂಟ್ ಆದವರನ್ನು ನೋಡಲು ಬಂದವರೆಲ್ಲ ಹೇಳುವ ಮಾತು ಒಂದೇ. ‘ಜೀವ ಉಳದೈತಲ್ಲ, ಅಷ್ಟು ಸಾಕು ಬಿಡ್ರಿ.’ ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಮಾತನ್ನು ಕೇಳಿ ಕೇಳಿ ಎಷ್ಟೋ ಜನ ಪರಿಹಾರ ಕೇಳೋದನ್ನೇ ಬಿಟ್ಟುಬಿಡುತ್ತಾರೆ. ಉಳಿದ ಜೀವ ಮುಂದೆ ನಡೀಬೇಕಲ್ವಾ? ಮನೆ ಬಾಡಿಗೆ, ರೇಷನ್, ಮಕ್ಕಳ ಫೀಸು, ಸಂಘದ ಕಂತು, ಇವು ಯಾವುವೂ ಮುರಿದ ಮೂಳೆ ಕೂಡಲಿ ಅಂತ ಕಾಯುವುದಿಲ್ಲ.

ನಮ್ಮಣ್ಣ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಅಕ್ಕಿ ಹುರಿಯುವ ಕೆಲಸ ಮಾಡುತ್ತಿದ್ದ. 2023ರ ಮಳೆಗಾಲ. ಆನಗೋಡು ಕಡೆಯಿಂದ ಮೊಪೆಡ್‌ನಲ್ಲಿ ಬರುತ್ತಿದ್ದಾಗ ಸರ್ವಿಸ್ ರೋಡಿನಲ್ಲಿ ಹಿಂದಿನಿಂದ ಕಾರು ಗುದ್ದಿತು. ಬಲಗೈ ಮೂಳೆ ಭುಜದ ಹತ್ತಿರವೇ ಮುರಿಯಿತು. ಪ್ಲೇಟು, ಸ್ಕ್ರೂ ಹಾಕಿದರು. ಆಗ ಅವನಿಗೆ 43 ವರ್ಷ. ಈ ವಯಸ್ಸಿಗೂ ಪರಿಹಾರದ ಲೆಕ್ಕಕ್ಕೂ ಸಂಬಂಧ ಇದೆ, ಮುಂದೆ ಹೇಳುತ್ತೇನೆ.

ಹಿರಿಯೂರು, ಚಿತ್ರದುರ್ಗ, ಭರಮಸಾಗರ, ದಾವಣಗೆರೆ, ಹರಿಹರ ಅಂತ ಸಾಗುವ ಈ ಹೆದ್ದಾರಿ, ಮೊದಲು ನಂಬರ್ 4, ಈಗ 48, ನಮ್ಮ ಜಿಲ್ಲೆಗಳ ಹೊಟ್ಟೆ ತುಂಬಿಸುವ ರಸ್ತೆಯೂ ಹೌದು, ಆಸ್ಪತ್ರೆಯ ಮೂಳೆ ವಾರ್ಡ್ ತುಂಬಿಸುವ ರಸ್ತೆಯೂ ಹೌದು. ಅಣ್ಣ ಇದ್ದ ವಾರ್ಡಿನಲ್ಲಿ ಹೆಚ್ಚಿನವರು ಕೂಲಿಯವರು, ಹಮಾಲಿಗಳು, ಡ್ರೈವರ್‌ಗಳು. ಅವರ ಹತ್ತಿರ ಕೂತು ಮಾತಾಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಪರಿಹಾರದ ಕಾನೂನು ನಮ್ಮ ಜನ ಅಂದುಕೊಂಡ ಹಾಗೆ ‘ಎಷ್ಟು ಏಟು ಬಿತ್ತು’ ಅಂತ ಮಾತ್ರ ಕೇಳುವುದಿಲ್ಲ. ಆ ಏಟಿನಿಂದ ನಿಮ್ಮ ದುಡಿಮೆ ಎಷ್ಟು ಹೋಯಿತು ಅಂತ ಕೇಳುತ್ತದೆ. ಆ ಎರಡನೇ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಡಾಕ್ಟರ್ ಅಲ್ಲ, ವಕೀಲರೂ ಅಲ್ಲ. ಕೆಲಸ ಮಾಡುತ್ತಿದ್ದವರು.

ಅಲ್ಲಿಗೆ ಹೋಗುವ ಮೊದಲು ಕಾಗದದ ಕತೆ ಇದೆ.

ಮೊದಲ ಕಾಗದ ಹುಟ್ಟುವುದು ಆಸ್ಪತ್ರೆಯಲ್ಲಿ, ನೀವು ನೋವಿನಲ್ಲಿ ಒದ್ದಾಡುತ್ತಿರುವಾಗ. ಕರೆದುಕೊಂಡು ಬಂದವರನ್ನು ‘ಏನಾಯ್ತು?’ ಅಂತ ಕೇಳಿ ಒಂದು ಸಾಲು ಬರೆದುಕೊಳ್ಳುತ್ತಾರೆ. ಅಣ್ಣನನ್ನು ಕರೆತಂದಿದ್ದು ಒಬ್ಬ ಆಟೋದವರು, ಪುಣ್ಯಾತ್ಮ. ಅವರು ಕಾರು ಗುದ್ದಿದ್ದನ್ನು ನೋಡಿರಲಿಲ್ಲ, ರಸ್ತೆಯಲ್ಲಿ ಬಿದ್ದಿದ್ದವನನ್ನು ಎತ್ತಿಕೊಂಡು ಬಂದಿದ್ದರು ಅಷ್ಟೆ. ಹಾಗಾಗಿ ‘ಗಾಡಿಯಿಂದ ಬಿದ್ದಾರೆ’ ಅಂದರು. ಕೇಸ್ ಶೀಟಿನಲ್ಲಿ ಅದೇ ದಾಖಲಾಯಿತು. ತಾನೇ ಬಿದ್ದಿದ್ದು ಅಂತಾದರೆ ಎದುರಿನ ಕಾರಿನ ವಿಮೆ ಕಂಪನಿ ಯಾಕೆ ಹಣ ಕೊಡಬೇಕು? ಆ ಒಂದು ಸಾಲನ್ನು ಹಿಡಿದುಕೊಂಡು ಕಂಪನಿಯ ವಕೀಲರು ಕೇಸ್ ಮುಗಿಯುವವರೆಗೂ ಜಗ್ಗಾಡಿದರು. ನಮ್ಮನ್ನು ಉಳಿಸಿದ್ದು ಮರುದಿನವೇ ಕೊಟ್ಟ ಕಂಪ್ಲೇಂಟು, ಆ ಜಾಗದ ಮಹಜರು, ಮತ್ತೆ ಮೋಟಾರು ವಾಹನ ನಿರೀಕ್ಷಕರ ವರದಿ. ಕಾರಿನ ಮುಂದಿನ ಎಡಭಾಗದ ಬಂಪರ್ ಒಡೆದಿದೆ, ಮೊಪೆಡ್‌ನ ಹಿಂದಿನ ಮಡ್‌ಗಾರ್ಡ್ ಒಳಗೆ ಹೋಗಿದೆ ಅಂತ ಅದರಲ್ಲಿ ಬರೆದಿತ್ತು. ತಾನೇ ಬಿದ್ದ ಗಾಡಿಗೆ ಹಿಂದಿನಿಂದ ಹಾಗೆ ಏಟು ಬೀಳುವುದಿಲ್ಲ.

ಹಾಗಾಗಿ ಯಾರಾದರೂ ನಿಮ್ಮ ಕಡೆಯವರು ಹೀಗೆ ಆಸ್ಪತ್ರೆ ಸೇರಿದರೆ, ಚಿಕಿತ್ಸೆ ಶುರುವಾದ ಕೂಡಲೇ ಮೆಲ್ಲಗೆ ಕೇಳಿ: ‘ಹಿಸ್ಟರಿಯಲ್ಲಿ ಏನಂತ ಬರೆದಿದ್ದೀರಿ ಸಾರ್?’ ಯಾವ ಗಾಡಿ, ಯಾವ ಜಾಗ, ಹೇಗೆ ಗುದ್ದಿತು ಅನ್ನೋದನ್ನು ಗೊತ್ತಿದ್ದಷ್ಟು ಹೇಳಿ. ಆಸ್ಪತ್ರೆಯಿಂದ ಸ್ಟೇಷನ್ನಿಗೆ ಮಾಹಿತಿ ಹೋಗಿದೆಯಾ ಅಂತ ವಿಚಾರಿಸಿ. ಕರೆತಂದವರಿಗೆ ತೊಂದರೆ ಆಗುತ್ತೆ ಅನ್ನೋ ಭಯ ಬೇಡ. ಗಾಯಾಳುಗೆ ನೆರವಾದವರನ್ನು ರಕ್ಷಿಸಲು ಕರ್ನಾಟಕದಲ್ಲಿ 2016ರ ಕಾಯ್ದೆಯೇ ಇದೆ, ಮೋಟಾರು ವಾಹನ ಕಾಯ್ದೆಗೂ 134ಎ ಅಂತ ಸೇರಿಸಿದ್ದಾರೆ. ಹಾಗೆಯೇ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಅಣ್ಣನ ಕಾಲಕ್ಕೆ ಅದು ಇರಲಿಲ್ಲ. ಈಗ ಇದೆ, ಕೇಳಿ ಪಡೆಯಿರಿ.

ಆಮೇಲೆ ರಾಜಿ. ಕಾರಿನವರು ಕೆಟ್ಟವರಲ್ಲ, ಆಸ್ಪತ್ರೆಗೆ ಬಂದರು, ಹಣ್ಣು ತಂದರು, ಒಂದಿಷ್ಟು ಹಣವನ್ನೂ ಮುಂದೆ ಹಿಡಿದರು. ‘ಸುಮ್ನೆ ಕೇಸು ಗೀಸು ಯಾಕ್ರಿ, ಕೋರ್ಟು ಅಲೆಯೋಕೆ ನಿಮಗೂ ಕಷ್ಟ, ನಮಗೂ ಕಷ್ಟ’ ಅಂದರು. ನಮ್ಮ ಅತ್ತಿಗೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಇಷ್ಟ: ‘ಅಣ್ಣಾ, ನಿಮ್ಮ ಗಾಡಿಗೆ ಇನ್ಶೂರೆನ್ಸ್ ಐತೋ ಇಲ್ಲೋ?’ ಇತ್ತು. ಹಾಗಾದರೆ ಪರಿಹಾರ ಅವರ ಜೇಬಿನಿಂದ ಹೋಗೋದೇ ಇಲ್ಲ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ರಸ್ತೆಯಲ್ಲಿ ಬೇರೆಯವರಿಗೆ ಏಟಾದರೆ ಕೊಡಲಿ ಅಂತ. ಪ್ರತಿ ವರ್ಷ ಗಾಡಿ ಇಟ್ಟವರೆಲ್ಲ ಪ್ರೀಮಿಯಂ ಕಟ್ಟುವುದು ಇದಕ್ಕೇ. ಪರಿಹಾರ ಕೇಳುವವರನ್ನು ದುರಾಸೆಯವರು ಅಂತ ನೋಡುವ ಒಂದು ನೋಟ ನಮ್ಮ ಊರುಗಳಲ್ಲಿದೆ. ನನಗೆ ಆ ನೋಟದ ಮೇಲೆ ನಿಜವಾಗಿಯೂ ಸಿಟ್ಟಿದೆ. ಕಟ್ಟಿದ ವಿಮೆಯ ಹಣವನ್ನು ಕಾನೂನು ಹೇಳಿದ ದಾರಿಯಲ್ಲಿ ಕೇಳೋದು ಭಿಕ್ಷೆ ಅಲ್ಲ.

ತಡ ಮಾಡಬಾರದು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ, ಅಪಘಾತ ಆದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಮೊದಲು ಈ ಗಡುವು ಇರಲಿಲ್ಲ, 1994ರಲ್ಲಿ ತೆಗೆದಿದ್ದರು, ಮತ್ತೆ ತಂದರು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಆದರೆ ಅದರ ಮೇಲೆ ಭರವಸೆ ಇಟ್ಟು ಕೂರಬೇಡಿ. ಆರು ತಿಂಗಳು ಅಂದರೆ ಜಾಸ್ತಿ ಅನಿಸುತ್ತೆ, ಆದರೆ ಪ್ಲಾಸ್ಟರ್, ಫಿಸಿಯೋಥೆರಪಿ, ಸಾಲ ಅಂತ ಓಡಾಡೋ ಮನೆಯಲ್ಲಿ ಅದು ಹೇಗೆ ಕಳೆಯಿತು ಅಂತಲೇ ಗೊತ್ತಾಗೋದಿಲ್ಲ.

ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಹೆಸರು ದೊಡ್ಡದು, ಆದರೆ ಅದು ಬೇರೆಲ್ಲೋ ಇರುವ ಕಚೇರಿ ಅಲ್ಲ, ನಮ್ಮ ಕೋರ್ಟ್ ಆವರಣದಲ್ಲೇ ನಡೆಯುತ್ತದೆ. ಜನ ಎಂವಿಸಿ ಕೇಸು ಅನ್ನುತ್ತಾರೆ. ಅಪಘಾತ ಆದ ಊರಿನಲ್ಲೇ ಹಾಕಬೇಕು ಅಂತಿಲ್ಲ, ನೀವು ವಾಸ ಇರುವ ಕಡೆಯೂ ಹಾಕಬಹುದು. ಚಳ್ಳಕೆರೆಯವರಿಗೆ ಹುಬ್ಬಳ್ಳಿ ಹತ್ತಿರ ಏಟಾದರೆ ಅವರು ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲ. ಇಷ್ಟೇ ಹಣ ಅಂತ ಅರ್ಜಿಯಲ್ಲಿ ಕೇಳಿದ್ದರೂ, ನ್ಯಾಯಯುತ ಅನಿಸಿದರೆ ಅದಕ್ಕಿಂತ ಹೆಚ್ಚು ಕೊಡುವ ಅಧಿಕಾರ ನ್ಯಾಯಾಧೀಶರಿಗಿದೆ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಎರಡು ದಾರಿ ಇದೆ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ ಯಾರದ್ದು ತಪ್ಪು ಅಂತ ಸಾಬೀತು ಮಾಡದೆಯೇ, ತೀವ್ರ ಗಾಯವಾದರೆ 2.5 ಲಕ್ಷ, ಸಾವಾದರೆ 5 ಲಕ್ಷ. 166ನೇ ಕಲಂ ಪ್ರಕಾರ ಎದುರಿನವರ ತಪ್ಪು ತೋರಿಸಬೇಕು, ಆದರೆ ಮೊತ್ತಕ್ಕೆ ಅಂಥ ಮಿತಿ ಇಲ್ಲ. ಮೊದಲನೆಯದನ್ನು ವಿಮೆ ಕಂಪನಿಯಿಂದ ಒಪ್ಪಿಕೊಂಡು ತೆಗೆದುಕೊಂಡರೆ ಎರಡನೆಯ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಹಣದ ತುರ್ತು ಇರುವಾಗ ಬೇಗ ಸಿಗುವ ಮೊತ್ತ ಎದುರಿಗಿದ್ದರೆ ಮನಸ್ಸು ಅತ್ತ ಎಳೆಯುತ್ತದೆ. ವಕೀಲರ ಹತ್ತಿರ ಕೂತು ಲೆಕ್ಕ ಹಾಕಿ ನೋಡಿದ ಮೇಲೆ ನಿರ್ಧಾರ ಮಾಡಿ. ಗುದ್ದಿದ ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೆ ದಾರಿ ಬೇರೆ. ಅದಕ್ಕೆ ಕಂದಾಯ ಇಲಾಖೆಯ ಅಧಿಕಾರಿ ಮುಂದೆ ಅರ್ಜಿ, ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಕಡಿಮೆಯೇ. ಆದರೂ ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿಲ್ಲ.

ಈಗ ನನಗೆ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ.

ಮೂಳೆ ಕೂಡಿದ ಮೇಲೆ ಮೂಳೆ ಡಾಕ್ಟರ್ ಅಣ್ಣನನ್ನು ಪರೀಕ್ಷೆ ಮಾಡಿ, ಕೋನ ಅಳೆಯುವ ಸಾಧನ ಭುಜದ ಹತ್ತಿರ ಹಿಡಿದು, ಕೈ ಎಷ್ಟು ಮೇಲೇಳುತ್ತೆ, ಎಷ್ಟು ತಿರುಗುತ್ತೆ ಅಂತ ನೋಡಿ, ಆ ಕೈಗೆ ಶೇ 36 ಶಾಶ್ವತ ವೈಕಲ್ಯ ಅಂತ ಬರೆದುಕೊಟ್ಟರು. ಅಣ್ಣ ಅಂದುಕೊಂಡಿದ್ದ, ಇನ್ನೇನು, 36 ಪರ್ಸೆಂಟ್ ಅಂತ ಆಯಿತಲ್ಲ. ಹಾಗಲ್ಲ. ಒಂದು ಕೈಗೆ ಆದ ವೈಕಲ್ಯವನ್ನು ಇಡೀ ದೇಹಕ್ಕೆ ಲೆಕ್ಕ ಹಾಕುವಾಗ ನಮ್ಮ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಭಾಗ ಹಿಡಿಯುತ್ತಾರೆ. ಅಂದರೆ ಶೇ 12. ಎಷ್ಟೋ ಕೇಸುಗಳು ಇಲ್ಲಿಗೇ ನಿಂತುಬಿಡುತ್ತವೆ, ಯಾಕೆಂದರೆ ಮುಂದಿನ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಆ ಮುಂದಿನ ಪ್ರಶ್ನೆ ಸುಪ್ರೀಂ ಕೋರ್ಟಿನ 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿದೆ. ಅಲ್ಲಿ ಹೇಳಿದ್ದು ತುಂಬಾ ಸರಳ. ದೇಹದ ವೈಕಲ್ಯದ ಪರ್ಸೆಂಟೇಜೇ ಬೇರೆ, ದುಡಿಯುವ ಶಕ್ತಿ ಕಳೆದುಕೊಂಡ ಪರ್ಸೆಂಟೇಜೇ ಬೇರೆ. ಎಡಗೈ ಕಳೆದುಕೊಂಡವನು ಡ್ರೈವರ್ ಅಥವಾ ಬಡಗಿ ಆಗಿದ್ದರೆ ಅವನ ಗಳಿಕೆ ಹೆಚ್ಚುಕಮ್ಮಿ ಪೂರ್ತಿಯೇ ಹೋದಂತೆ. ಅದೇ ಒಬ್ಬ ಸರ್ಕಾರಿ ಗುಮಾಸ್ತ ಆಗಿದ್ದರೆ ಕೆಲಸ ಹೋಗದೆಯೂ ಇರಬಹುದು. ಆದ್ದರಿಂದ ನ್ಯಾಯಮಂಡಳಿ ಮೊದಲು ನೋಡಬೇಕಾದದ್ದು, ಈ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಏನನ್ನು ಮಾಡಬಲ್ಲ, ಏನನ್ನು ಮಾಡಲಾರ ಅಂತ.

ಹಣಕ್ಕೆ ಇದು ಎಷ್ಟು ವ್ಯತ್ಯಾಸ ಮಾಡುತ್ತೆ ನೋಡಿ. ಲೆಕ್ಕಕ್ಕೆ ತಿಂಗಳ ಆದಾಯ 14,000 ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 1,68,000. ವಯಸ್ಸಿನ ಮೇಲೆ ಇದನ್ನು ಎಷ್ಟರಿಂದ ಗುಣಿಸಬೇಕು ಅನ್ನೋ ಪಟ್ಟಿಯನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ ಕೊಟ್ಟಿದೆ. 26ರಿಂದ 30 ವಯಸ್ಸಿಗೆ 17, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, ಹೀಗೆ ಇಳಿಯುತ್ತಾ ಹೋಗುತ್ತದೆ. ಅಣ್ಣನಿಗೆ 14. ಗುಣಿಸಿದರೆ 23,52,000. ಇದರಲ್ಲಿ ಶೇ 12 ಅಂದರೆ 2,82,240. ಕೆಲಸ ನೋಡಿ ದುಡಿಮೆಯ ನಷ್ಟ ಶೇ 20 ಅಂತ ಹಿಡಿದರೆ 4,70,400. ಅದೇ ಕೈ, ಅದೇ ಗಾಯ. ಕೆಲಸದ ವಿವರವನ್ನು ಕೋರ್ಟಿನ ಮುಂದೆ ಇಟ್ಟಿದ್ದೀರೋ ಇಲ್ಲವೋ ಅನ್ನೋದರ ಮೇಲೆ 1,88,160 ರೂಪಾಯಿ ನಿಂತಿದೆ. ಇದರ ಮೇಲೆ, ಕಾಯಂ ವೈಕಲ್ಯದ ಕೇಸಿನಲ್ಲೂ ಮುಂದೆ ಹೆಚ್ಚಾಗಬಹುದಾಗಿದ್ದ ಆದಾಯವನ್ನು ಸೇರಿಸಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೂ ವಕೀಲರಿಗೆ ನೆನಪಿಸಿ.

ಆದರೆ ಆದಾಯವನ್ನೇ ತೋರಿಸೋದು ಹೇಗೆ? ಭಟ್ಟಿಯಲ್ಲಿ ಚೀಲದ ಲೆಕ್ಕದಲ್ಲಿ ಕೂಲಿ, ಕೈಗೆ ನಗದು. ಸಂಬಳದ ಚೀಟಿ ಇಲ್ಲ, ಪಿಎಫ್ ಇಲ್ಲ. ಭಟ್ಟಿ ಮಾಲೀಕರನ್ನು ಸಾಕ್ಷಿ ಹೇಳಿ ಅಂತ ಕೇಳಿದಾಗ ಅವರು ಹಿಂದೇಟು ಹಾಕಿದರು. ಲೇಬರ್ ಇಲಾಖೆಯವರು ಬಂದರೆ ಅನ್ನೋ ಭಯ ಅವರಿಗೆ. ಹೀಗೆ ದಾಖಲೆ ಇಲ್ಲದವರಿಗೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಮಾಡಿರುವ ಪಟ್ಟಿ ಇದೆ, ಅಪಘಾತ ಆದ ವರ್ಷದ ಮೇಲೆ ತಿಂಗಳಿಗೆ ಇಷ್ಟು ಅಂತ. ಕೋರ್ಟುಗಳೂ ಅದನ್ನೇ ಆಧಾರ ಮಾಡಿಕೊಳ್ಳುತ್ತವೆ. ನಮಗೂ ಅದನ್ನೇ ಹಿಡಿದರು. ಮನೆಯಲ್ಲೇ ಇರುವ ಹೆಣ್ಣುಮಕ್ಕಳಿಗೆ ಆದಾಯ ಎಲ್ಲಿದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಮನೆಗೆಲಸಕ್ಕೂ ಆದಾಯ ಲೆಕ್ಕ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಒತ್ತಿ ಹೇಳಿದೆ.

ಕೊನೆಗೆ ಮಾಲೀಕರು ಬಂದರು. ಕೂಲಿ ಎಷ್ಟು ಅಂತ ಹೇಳಲಿಲ್ಲ, ಏನು ಕೆಲಸ ಅಂತ ಮಾತ್ರ ಹೇಳಿದರು. ಅಷ್ಟೇ ಸಾಕಾಯಿತು.

ಅಣ್ಣನ ಪಾಟೀ ಸವಾಲು ನಡೆದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಂಪನಿಯ ವಕೀಲರು ಒಂದೊಂದೇ ಕೇಳುತ್ತಾ ಹೋದರು. ‘ಊಟ ಬಲಗೈಯಲ್ಲೇ ಮಾಡ್ತೀರಲ್ಲ?’ ‘ಹೌದು ಸಾರ್.’ ‘ಈ ಅಫಿಡವಿಟ್‌ಗೆ ಸಹಿ ಹಾಕಿದ್ದು ಯಾವ ಕೈ?’ ‘ಇದೇ ಸಾರ್.’ ‘ಅಂದಮೇಲೆ ಕೈ ಸರಿ ಇದೆ. ಕೆಲಸ ಮಾಡೋಕೆ ಏನೂ ತೊಂದರೆ ಇಲ್ಲ ಅಂದರೆ ಸರಿ ತಾನೇ?’ ಅಣ್ಣ ‘ಸರಿಯಲ್ಲ’ ಅಂದ. ಆಮೇಲೆ ನ್ಯಾಯಾಧೀಶರೇ ‘ಏನು ಕೆಲಸ ನಿಮ್ಮದು, ತೋರಿಸಿ’ ಅಂದರು. ಅಣ್ಣ ಕಟಕಟೆಯಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿದ. ಕಾದ ಮರಳಿನಲ್ಲಿ ಅಕ್ಕಿ ಸುರಿದ ಕ್ಷಣದಿಂದ ಸಟ್ಟುಗ ಆಡುತ್ತಲೇ ಇರಬೇಕು, ನಿಲ್ಲಿಸಿದರೆ ಸೀದು ಹೋಗುತ್ತೆ, ಅರಳಿದ ಕೂಡಲೇ ಎತ್ತಿ ಜರಡಿಗೆ ಹಾಕಬೇಕು, ಅದು ಭುಜದ ಮಟ್ಟಕ್ಕೆ ಬರಬೇಕು ಅಂತ ಹೇಳುತ್ತಾ ಎತ್ತಿ ತೋರಿಸಿದ. ಎಡಗೈ ಮೇಲೆ ಹೋಯಿತು. ಬಲಗೈ ಎದೆಯ ಹತ್ತಿರ ಬಂದು ನಿಂತಿತು, ಮೈಯೆಲ್ಲ ಒಂದು ಕಡೆ ವಾಲಿತು. ‘ಇಷ್ಟೇ ಬರೋದು ಸಾರ್. ಬೆಳಗ್ಗೆ ನಾಲ್ಕಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನದವರೆಗೂ ಇದೇ ಕೆಲಸ’ ಅಂದ. ನ್ಯಾಯಾಧೀಶರು ಅದನ್ನು ಹಾಗೇ ಬರೆಸಿಕೊಂಡರು.

ಡಾಕ್ಟರಿಗೂ ಸವಾಲು ಇತ್ತು. ಸರ್ಟಿಫಿಕೇಟ್ ಕೊಟ್ಟವರು ಆಪರೇಷನ್ ಮಾಡಿದವರಲ್ಲ, ಪರೀಕ್ಷೆಗಷ್ಟೇ ನೋಡಿದವರು. ಅಂಥ ಸರ್ಟಿಫಿಕೇಟನ್ನು ಎಚ್ಚರದಿಂದ ನೋಡಬೇಕು ಅಂತ ಅದೇ 2010ರ ತೀರ್ಪು ಹೇಳುತ್ತದೆ, ಅದು ನ್ಯಾಯವೇ. ಸುಳ್ಳು ಕೇಸುಗಳೂ ಇವೆ, ಇಲ್ಲ ಅಂತ ನಾನು ಹೇಳೋದಿಲ್ಲ. ಹಾಗಾಗಿ ಸಾಧ್ಯವಾದರೆ ಚಿಕಿತ್ಸೆ ಮಾಡಿದ ಡಾಕ್ಟರನ್ನೇ ಕೇಳಿಕೊಳ್ಳಿ. ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ, ಡಿಸ್ಚಾರ್ಜ್ ಕಾರ್ಡು, ಪ್ರತಿ ಮೆಡಿಕಲ್ ಬಿಲ್ಲು, ಆಂಬುಲೆನ್ಸ್ ರಸೀತಿ, ಫಿಸಿಯೋಥೆರಪಿ ಚೀಟಿ, ಎಲ್ಲವೂ ಮೂಲ ಪ್ರತಿಯಲ್ಲೇ ಬೇಕು. ಎಕ್ಸ್‌ರೇ ಫಿಲ್ಮನ್ನು ಮಡಚಬೇಡಿ. ಅತ್ತಿಗೆ ಎಲ್ಲವನ್ನೂ ಒಂದು ಸೀರೆ ಡಬ್ಬಿಯಲ್ಲಿ ತಾರೀಖಿನ ಪ್ರಕಾರ ಇಟ್ಟಿದ್ದರು. ವಕೀಲರು ಅದನ್ನು ನೋಡಿ ‘ಅರ್ಧ ಕೆಲಸ ನೀವೇ ಮಾಡಿದ್ದೀರಮ್ಮ’ ಅಂದರು.

ಅತ್ತಿಗೆಯ ಬಗ್ಗೆ ಇನ್ನೊಂದು ಮಾತು. ಅಣ್ಣ ಮಲಗಿದ್ದಷ್ಟು ದಿನ ಅವರೂ ಕೆಲಸಕ್ಕೆ ಹೋಗಲಿಲ್ಲ. ಸ್ನಾನ ಮಾಡಿಸೋದು, ಅಂಗಿ ತೊಡಿಸೋದು, ರಾತ್ರಿ ಹೊರಳುವಾಗ ಕೈ ಹಿಡಿಯೋದು. ಇದಕ್ಕೂ ಕಾನೂನಿನಲ್ಲಿ ಜಾಗ ಇದೆ, ನೋಡಿಕೊಳ್ಳುವವರ ಖರ್ಚು ಅಂತ. ನೋವಿಗೆ ಬೇರೆ, ಚಿಕಿತ್ಸೆ ಕಾಲದಲ್ಲಿ ನಿಂತ ಗಳಿಕೆಗೆ ಬೇರೆ, ಬದುಕಿನ ಸುಖ ಸೌಕರ್ಯ ಕಳೆದುಕೊಂಡಿದ್ದಕ್ಕೆ ಬೇರೆ, ಮುಂದೆ ಪ್ಲೇಟು ತೆಗೆಸೋ ಆಪರೇಷನ್ನಿಗೆ ಬೇರೆ. ಯಾವುದನ್ನೂ ಕೇಳದೆ ಬಿಡಬೇಡಿ.

ವಕೀಲರ ಫೀಸಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ಒಪ್ಪುವುದಿಲ್ಲ. ಆದರೂ ವಾರ್ಡಿನ ಮಂಚದ ಹತ್ತಿರವೇ ಬಂದು ವಕಾಲತ್ತಿಗೆ ಸಹಿ ಕೇಳುವ ಮಧ್ಯವರ್ತಿಗಳನ್ನು ನೋಡಿದ್ದೇನೆ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ಮೂಲ ದಾಖಲೆಗಳನ್ನು ಜೆರಾಕ್ಸ್ ಇಟ್ಟುಕೊಳ್ಳದೆ ಕೊಡಬೇಡಿ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು, ಇವರಿಗೆಲ್ಲ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ.

ನಡುವೆ ಲೋಕ ಅದಾಲತ್‌ನಲ್ಲಿ ಕಂಪನಿ ಒಂದು ಮೊತ್ತ ಹೇಳಿತು. ಅದಾಲತ್ ಒಳ್ಳೆಯದೇ, ಹಣ ಬೇಗ ಬರುತ್ತದೆ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದರೆ ಮೇಲ್ಮನವಿ ಇಲ್ಲ. ಕಂಪನಿಯ ಲೆಕ್ಕ ಶೇ 12ರ ಮೇಲೆ ನಿಂತಿತ್ತು. ಅಣ್ಣ ಬೇಡ ಅಂದ. ಅವನಿಗೆ ಸಾಲ ಇತ್ತು, ಅಂಥ ಹೊತ್ತಿನಲ್ಲಿ ಬೇಡ ಅನ್ನೋದು ಸುಲಭ ಅಲ್ಲ.

ತೀರ್ಪಿನಲ್ಲಿ ನ್ಯಾಯಾಧೀಶರು ದುಡಿಮೆಯ ನಷ್ಟವನ್ನು ಶೇ 20 ಅಂತ ಹಿಡಿದರು. ಅರ್ಜಿ ಹಾಕಿದ ದಿನದಿಂದ ಶೇ 6 ಬಡ್ಡಿ, ಮುಂದಿನ ಆಪರೇಷನ್ನಿನ ಹಣಕ್ಕೆ ಮಾತ್ರ ಬಡ್ಡಿ ಇಲ್ಲ. ಆ ಮೊದಲ ದಿನದ ‘ಗಾಡಿಯಿಂದ ಬಿದ್ದಾರೆ’ ಅನ್ನೋ ಸಾಲಿನ ಬಗ್ಗೆ, ಹೇಳಿದವರು ಅಪಘಾತ ನೋಡಿಲ್ಲ, ವಾಹನದ ವರದಿ ಬೇರೆ ಹೇಳುತ್ತದೆ ಅಂತ ಒಂದು ಪ್ಯಾರಾ ಬರೆದಿದ್ದರು. ಶೇ 20 ಕೂಡ ಕಡಿಮೆ ಅಂತಲೇ ನನ್ನ ಅಭಿಪ್ರಾಯ, ಏಕೆಂದರೆ ಅಣ್ಣ ಒಲೆಯ ಮುಂದೆ ಮತ್ತೆ ನಿಲ್ಲಲೇ ಇಲ್ಲ. ಈಗ ಅದೇ ಭಟ್ಟಿಯಲ್ಲಿ ಚೀಲ ಹೊಲಿಯುತ್ತಾನೆ, ಲೆಕ್ಕ ಬರೆಯುತ್ತಾನೆ, ಕೂಲಿ ಕಡಿಮೆ. ಹೈಕೋರ್ಟಿಗೆ ಹೋಗಲು 90 ದಿನ ಇತ್ತು, ನಮ್ಮ ಜಿಲ್ಲೆಯವರಿಗೆ ಅದು ಬೆಂಗಳೂರು ಪೀಠ. ನಾನು ಹೋಗೋಣ ಅಂದೆ. ಅಣ್ಣ ಸಾಕು ಅಂದ. ಅವನ ಕೈ, ಅವನ ನಿರ್ಧಾರ.

ಕಂಪನಿ ಹಣ ಕಟ್ಟಿದ ಮೇಲೆ ಒಂದು ಭಾಗ ಖಾತೆಗೆ ಬಂತು, ಇನ್ನೊಂದು ಭಾಗವನ್ನು ಬ್ಯಾಂಕಿನಲ್ಲಿ ಅಣ್ಣನ ಹೆಸರಿಗೆ ಠೇವಣಿ ಇಡಿಸಿದರು. ಇದನ್ನು ನೋಡಿ ಕೆಲವರು ನಮ್ಮ ಹಣ ನಮಗೇ ಕೊಡುತ್ತಿಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಅವಧಿ ಮುಗಿಯುವ ಮೊದಲೇ ಬೇಕಾದರೆ ಕಾರಣ ಹೇಳಿ ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ಮಗಳು ಡಿಪ್ಲೊಮಾ ಸೇರುವಾಗ ಕಾಲೇಜಿನ ಫೀಸ್ ಚೀಟಿ ಲಗತ್ತಿಸಿ ಅಣ್ಣ ಅರ್ಜಿ ಹಾಕಿದ. ಫೀಸಿಗೆ ಬೇಕಾದಷ್ಟನ್ನು ಬಿಡುಗಡೆ ಮಾಡಿದರು, ಉಳಿದದ್ದು ಠೇವಣಿಯಲ್ಲೇ ಇದೆ.